ಮೂಲೆ ಹಿಡಿದ ಮೀನು

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಬಗ್ಗೆ ಒಂದು ಪುಟ ಬಂದಿತ್ತು. ಸೋಫಾ ಬಣ್ಣಕ್ಕೆ ಹೊಂದುವ ಮೀನು ಆರಿಸಿ, ಚಿಕ್ಕ ಮೀನುಗಳೆಲ್ಲ ಒಟ್ಟಿಗೆ ಚೆನ್ನಾಗಿರುತ್ತವೆ, ನಿಜವಾದ ಹವಳದ ತುಂಡು ಇಟ್ಟರೆ ಇನ್ನೂ ಚೆಂದ ಅಂತೆಲ್ಲ ಬರೆದಿದ್ದರು. ಓದುತ್ತ ಕೂತು ನನ್ನ ಕಾಫಿ ಆರಿಹೋಯಿತು. ಒಂದು ವಾರ ಸುಮ್ಮನಿದ್ದೆ. ಆಮೇಲೆ ತಡೆಯಲಾಗದೆ ಇದನ್ನು ಬರೆಯುತ್ತಿದ್ದೇನೆ. ಓದುಗರ ಪತ್ರಕ್ಕೆ ಇದು ಉದ್ದವಾಯಿತು, ಗೊತ್ತು. ಬೇಕಾದರೆ ಕತ್ತರಿಸಿ. ಆದರೆ ಡಾಮಿನೊ ಮೀನಿನ ಭಾಗವನ್ನು ಮಾತ್ರ ಕತ್ತರಿಸಬೇಡಿ.

ನಾನು ಮೀನಿನ ತಜ್ಞೆ ಅಲ್ಲ. ಆಸ್ಪತ್ರೆಯ ಲ್ಯಾಬಿನಲ್ಲಿ 31 ವರ್ಷ ಟೆಕ್ನಿಷಿಯನ್ ಆಗಿದ್ದು ನಿವೃತ್ತಳಾದವಳು. ನಮ್ಮದು ಈರುಳ್ಳಿಯನ್ನೇ ಯೋಚಿಸಿ ಒಳಗೆ ತರುವ ಮನೆ. ಅಂಥ ಮನೆಗೆ ಮೀನು ಬಂದದ್ದು ಮಗನಿಂದ. ಅವನು ಕಾಲೇಜಿನಲ್ಲಿದ್ದಾಗ ಗೆಳೆಯರ ಜೊತೆ ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಹೋಗಿ ಡೈವಿಂಗ್ ಮಾಡಿ ಬಂದ. ವಾಪಸ್ ಬಂದವನಿಗೆ ಬೇರೆ ಮಾತೇ ಇರಲಿಲ್ಲ. ಮೊದಲ ಸಂಬಳ ಬಂದ ತಿಂಗಳೇ ಮೂರಡಿಯ ಟ್ಯಾಂಕ್ ಬಂತು. ಸುಮಾರು 190 ಲೀಟರ್ ನೀರು ಹಿಡಿಯುತ್ತದೆ. ಕೆಳಗೆ ಇನ್ನೊಂದು ಚಿಕ್ಕ ಟ್ಯಾಂಕ್, ಅಲ್ಲಿ ಸ್ಪಂಜು, ಪಂಪು. ಅದಕ್ಕೂ ಅವನು ಸಂಪ್ ಅನ್ನುತ್ತಾನೆ. ‘ಸಂಪ್ ಕ್ಲೀನ್ ಮಾಡ್ಬೇಕು’ ಅಂದಾಗಲೆಲ್ಲ ನಮ್ಮ ಯಜಮಾನರು ಅಂಗಳಕ್ಕೆ ಹೋಗಿ ಕಾವೇರಿ ನೀರಿನ ಸಂಪಿನ ಮುಚ್ಚಳ ತೆಗೆದು ನಿಲ್ಲುತ್ತಿದ್ದರು.

ಎರಡು ವರ್ಷದ ಹಿಂದೆ ಮಗನಿಗೆ ಪುಣೆಗೆ ವರ್ಗವಾಯಿತು. ಟ್ಯಾಂಕ್ ನನ್ನ ಪಾಲಿಗೆ ಬಂತು. ಅದರಲ್ಲಿ ಎರಡು ಕ್ಲೌನ್ ಮೀನು, ಒಂದು ಕ್ಲೀನರ್ ಸೀಗಡಿ, ನಾಲ್ಕು ಸನ್ಯಾಸಿ ಏಡಿ. ಕ್ಲೌನ್ ಮೀನು ಅಂದರೆ ಕಿತ್ತಳೆ ಮೈಗೆ ಮೂರು ಬಿಳಿ ಪಟ್ಟೆ ಇರುತ್ತದಲ್ಲ, ಮಕ್ಕಳೆಲ್ಲ ಗುರುತು ಹಿಡಿಯುತ್ತಾರೆ, ಅದು. ನಮ್ಮವು ಕಡಲಿನಿಂದ ಹಿಡಿದವಲ್ಲ, ಹ್ಯಾಚರಿಯಲ್ಲಿ ಹುಟ್ಟಿದವು. ಈ ಮೀನಿನ ಮರಿ ಮಾಡಿಸುವ ವಿಧಾನವನ್ನು ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಮಂಡಪಂ, ವಿಳಿಂಞಂ ಕೇಂದ್ರಗಳಲ್ಲಿ ಹಿಂದೆಯೇ ಸಿದ್ಧಮಾಡಿದ್ದಾರೆ. ಹಾಗಾಗಿ ಕಡಲಿಗೆ ಬಲೆ ಹಾಕದೆಯೂ ಇವು ಸಿಗುತ್ತವೆ. ಪುರವಣಿಯಲ್ಲಿ ಇದರ ಬಗ್ಗೆ ಒಂದು ಸಾಲೂ ಇರಲಿಲ್ಲ.

ಈ ಮೀನಿನ ಸಂಸಾರ ಸ್ವಲ್ಪ ವಿಚಿತ್ರ. ಎಲ್ಲವೂ ಮೊದಲು ಗಂಡಾಗಿರುತ್ತವೆ. ಗುಂಪಿನಲ್ಲಿ ದೊಡ್ಡದು ಹೆಣ್ಣಾಗುತ್ತದೆ. ಹೆಣ್ಣು ಸತ್ತರೆ ಅದರ ಗಂಡ ಹೆಣ್ಣಾಗಿ ಯಜಮಾನಿಕೆ ವಹಿಸಿಕೊಳ್ಳುತ್ತದೆ. ಮೊಟ್ಟೆಗೆ ರೆಕ್ಕೆಯಿಂದ ಗಾಳಿ ಹಾಕುತ್ತ ಕಾಯುವ ಕೆಲಸ ಮುಖ್ಯವಾಗಿ ಗಂಡಿನದು. ನಮ್ಮ ಚಿಕ್ಕ ಗಂಡಿಗೆ ಯಜಮಾನರು ಪುಟ್ಟಸ್ವಾಮಿ ಅಂತ ಹೆಸರಿಟ್ಟರು. ಹೆಣ್ಣಿಗೆ ಹೆಸರಿಡಲಿಲ್ಲ. ‘ಅಮ್ಮಾವ್ರು’ ಅಂದರೆ ಸಾಕು, ಯಾರ ಬಗ್ಗೆ ಹೇಳುತ್ತಿದ್ದಾರೆ ಅಂತ ನನಗೇ ಅನುಮಾನ ಬರುತ್ತಿತ್ತು.

ಕಳೆದ ದೀಪಾವಳಿಗೆ ಮುಂಚೆ ಕಡಲುಪ್ಪಿನ ಪ್ಯಾಕೆಟ್ ತರಲು ಅಂಗಡಿಗೆ ಹೋಗಿದ್ದೆ. ಯಾವ ಅಂಗಡಿ ಅಂತ ಬರೆಯುವುದಿಲ್ಲ, ಹುಡುಗ ಒಳ್ಳೆಯವನೇ. ಅಲ್ಲೊಂದು ಗಾಜಿನ ಡಬ್ಬದಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಕಪ್ಪು ಮೀನು. ಹಣೆಯ ಮೇಲೊಂದು ಬಿಳಿ ಚುಕ್ಕಿ, ಎರಡು ಪಕ್ಕೆಗೂ ಒಂದೊಂದು. ಮಗುವಿಗೆ ದೃಷ್ಟಿಬೊಟ್ಟು ಇಟ್ಟ ಹಾಗೆ, ಬಣ್ಣ ಮಾತ್ರ ತಿರುಗುಮುರುಗು.

‘ಡಾಮಿನೊ ಮೇಡಂ. ಬಾಳ ಗಟ್ಟಿ ಮೀನು, ಏನ್ ಮಾಡಿದ್ರೂ ಸಾಯಲ್ಲ’ ಅಂದ.

‘ನಮ್ಮಲ್ಲಿ ಎರಡು ಕ್ಲೌನ್ ಇದೆ. ಜಗಳ ಆಡಲ್ವಾ?’

‘ಇಷ್ಟು ಮರಿ ಏನ್ ಜಗಳ ಆಡ್ತದೆ ಮೇಡಂ!’

ಮುನ್ನೂರು ರೂಪಾಯಿ ಕೊಟ್ಟು ತಂದೆ. ತಪ್ಪು ನನ್ನದೇ. ಮಗನಿಗೆ ಒಂದು ಫೋನ್ ಮಾಡಿದ್ದರೆ ಬೇಡ ಅನ್ನುತ್ತಿದ್ದ. ಅವನು ಆಮೇಲೆ ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ, ನಿಮ್ಮ ಓದುಗರಿಗಾದರೂ ಮೊದಲೇ ಗೊತ್ತಿರಲಿ. ಡಾಮಿನೊ ಡ್ಯಾಮ್ಸೆಲ್ ಜಾತಿಯ ಮೀನು. ಬೆಳೆದರೆ ಐದು ಇಂಚು ದಾಟುತ್ತದೆ. ಬೆಳೆಯುತ್ತ ಬಿಳಿ ಚುಕ್ಕಿಗಳು ಮಾಸುತ್ತವೆ, ಸಿಟ್ಟು ಜಾಸ್ತಿಯಾಗುತ್ತದೆ. ತನ್ನದು ಅಂತ ಒಂದು ಜಾಗ ಹಿಡಿದರೆ ಅಲ್ಲಿಗೆ ಬಂದವರನ್ನೆಲ್ಲ ಓಡಿಸುತ್ತದೆ. ನಾವು ಪಾತ್ರೆ ತೊಳೆಯುವ ಹಾಗೆ ಗಾಜು ಉಜ್ಜಲು ಕೈ ಹಾಕಿದರೆ ಕೈಗೂ ಕುಕ್ಕುತ್ತದೆ. ನನಗೆ ಕುಕ್ಕಿದೆ.

ಸಂಕ್ರಾಂತಿಯವರೆಗೆ ಏನೂ ಆಗಲಿಲ್ಲ. ಆಮೇಲೆ ಅದು ಕಲ್ಲಿನ ನಡುವಿನ ಪೊಟರೆಯನ್ನು ತನ್ನದು ಮಾಡಿಕೊಂಡಿತು. ನಂತರ ಅದರ ಮುಂದಿನ ಅಂಗಳ. ನಂತರ ಅರ್ಧ ಟ್ಯಾಂಕ್. ಯಜಮಾನರು ಆಗಲೇ ಅದಕ್ಕೆ ಕೀಚಕ ಅಂತ ಹೆಸರಿಟ್ಟಿದ್ದರು. ನಾನು ತಮಾಷೆ ಅಂದುಕೊಂಡೆ. ಪುಟ್ಟಸ್ವಾಮಿ ದಿನವೂ ಮೇಲಿನ ಮೂಲೆಯಲ್ಲಿ, ಪಂಪಿನ ಹಿಂದೆ ನಿಲ್ಲುವುದನ್ನು ನೋಡಿದೆ. ಆ ಜಾಗ ಅದಕ್ಕೆ ಇಷ್ಟ ಅಂದುಕೊಂಡೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಮೂಲೆ ಹಿಡಿದು ನಿಂತ ಮೀನು ಆರಾಮಾಗಿದೆ ಅಂತ ಯಾರೂ ತಿಳಿಯಬೇಡಿ.

ಶಿವರಾತ್ರಿಯ ಬೆಳಿಗ್ಗೆ ಊಟ ಹಾಕಿದಾಗ ಪುಟ್ಟಸ್ವಾಮಿ ಹೊರಗೇ ಬರಲಿಲ್ಲ. ಟಾರ್ಚ್ ಹಿಡಿದು ನೋಡಿದೆ. ಬಾಲದ ರೆಕ್ಕೆ ಬುಡದ ಹತ್ತಿರ ಒಂದು ಗೀಟಿನಷ್ಟು ಉಳಿದಿತ್ತು. ಎಡ ಪಕ್ಕೆಯಲ್ಲಿ ಹುರುಪೆ ಎದ್ದುಹೋಗಿ ಬಿಳಿಚಿಕೊಂಡಿತ್ತು. ಎಡಗಣ್ಣಿಗೆ ಮಂಜು ಕವಿದಿತ್ತು. ಕಿವಿರು ಪಟಪಟ ಬಡಿಯುತ್ತಿತ್ತು.

ನನಗೆ ಮೊದಲು ಹೊಳೆದದ್ದು ರೋಗ. ಅಂಗಡಿಗೆ ಫೋನ್ ಮಾಡಿದೆ. ‘ಫಂಗಸ್ ಇರ್ಬೇಕು ಮೇಡಂ, ಮಗ ಬಿಟ್ಟುಹೋದ ನೀಲಿ ಬಾಟಲಿ ಇದ್ಯಲ್ಲ, ಟ್ಯಾಂಕಿಗೆ ಹತ್ತು ಎಂಎಲ್ ಹಾಕಿ’ ಅಂದರು. ಬಾಟಲಿ ಕೈಗೆ ತೆಗೆದುಕೊಂಡೆ. ಲೇಬಲ್ ಓದದೆ ಏನನ್ನೂ ಸುರಿಯದ ಅಭ್ಯಾಸ ಲ್ಯಾಬಿನದು. ಸಣ್ಣ ಅಕ್ಷರದಲ್ಲಿ ಕಾಪರ್ ಅಂತ ಇತ್ತು. ತಾಮ್ರ. ಮೀನಿನ ಮೈಮೇಲಿನ ಕೆಲವು ಪರಾವಲಂಬಿಗಳಿಗೆ ಅದು ಮದ್ದು ಹೌದು. ಸೀಗಡಿ, ಏಡಿಗಳಿಗೆ ಮಾತ್ರ ಅದು ವಿಷ. ಕಲ್ಲು, ಮರಳು ಹೀರಿಕೊಂಡರೆ ಆಮೇಲೂ ಬಿಡುತ್ತಲೇ ಇರುತ್ತದೆ. ಇನ್ನೊಂದು ನಿಮಿಷವಾಗಿದ್ದರೆ ನಾನು ಒಂದು ಮೀನು ಉಳಿಸಲು ಹೋಗಿ ಐದು ಜೀವ ಕಳೆಯುತ್ತಿದ್ದೆ.

ಮಗನಿಗೆ ವಿಡಿಯೊ ಕಾಲ್ ಮಾಡಿ ತೋರಿಸಿದೆ. ಆಫೀಸಿನ ಮೆಟ್ಟಿಲ ಮೇಲೆ ನಿಂತು ನೋಡಿದ. ‘ಅಮ್ಮಾ, ಇದು ಕಾಯಿಲೆ ಅಲ್ಲ. ಏಟು. ಹತ್ತು ನಿಮಿಷ ದೂರ ಕೂತ್ಕೊಂಡು ಸುಮ್ನೆ ನೋಡು’ ಅಂದ. ಕೂತೆ. ನಾಲ್ಕನೇ ನಿಮಿಷಕ್ಕೆ ಕೀಚಕ ಪೊಟರೆಯಿಂದ ಬಾಣದ ಹಾಗೆ ಬಂದು ಪಂಪಿನ ಹಿಂದಕ್ಕೆ ನುಗ್ಗಿತು. ನಾನು ಎದುರಿಗಿದ್ದಾಗ ಇದು ನಡೆಯುತ್ತಿರಲಿಲ್ಲ. ನಾನು ಬಂದರೆ ಊಟ ಬರುತ್ತದೆ ಅಂತ ಅದು ಗಾಜಿನ ಹತ್ತಿರ ಬಂದು ಬಾಲ ಆಡಿಸುತ್ತಿತ್ತು.

ಊರಿನ ಒಬ್ಬ ಪಶುವೈದ್ಯರಿಗೂ ಫೋನ್ ಮಾಡಿದೆ. ಮರ್ಯಾದೆಯಿಂದಲೇ ಮಾತಾಡಿದರು. ‘ದನ, ನಾಯಿ, ಬೆಕ್ಕು, ಹೆಚ್ಚಂದ್ರೆ ಗಿಳಿ. ಮೀನು ನಾನು ನೋಡಿಲ್ಲಮ್ಮ’ ಅಂದರು. ಅವರನ್ನು ದೂರಿ ಪ್ರಯೋಜನವಿಲ್ಲ.

ಆವತ್ತು ರಾತ್ರಿ ಯಜಮಾನರದು ಜಾಗರಣೆ. ಹೇಗೂ ಎದ್ದಿದ್ದರಲ್ಲ, ಟಾರ್ಚ್ ಹಿಡಿಯಲು ಕರೆದೆ. ಮೀನನ್ನು ಹಗಲಿನಲ್ಲಿ ಬಲೆ ಹಾಕಿ ಅಟ್ಟಿಸಿದರೆ ಅದು ಏಟಿನ ಮೇಲೆ ಏಟು. ಬಲೆಯ ನೂಲು ಮೈಮೇಲಿನ ಲೋಳೆಯನ್ನೂ ಕಿತ್ತುಹಾಕುತ್ತದೆ. ಆ ಲೋಳೆಯೇ ಅದಕ್ಕೆ ರಕ್ಷಣೆ. ಲೈಟ್ ಆರಿಸಿ ಎರಡು ಗಂಟೆ ಬಿಟ್ಟರೆ ಮೀನು ಮಂಪರಿನಲ್ಲಿರುತ್ತದೆ. ಆಗ ಒಂದು ಪಾರದರ್ಶಕ ಪ್ಲಾಸ್ಟಿಕ್ ಡಬ್ಬವನ್ನು ನೀರಿನೊಳಗೇ ಬಾಗಿಸಿ, ಮೀನು ಅದರೊಳಗೆ ಬರುವ ಹಾಗೆ ಮಾಡಿ, ನೀರಿನ ಸಮೇತ ಎತ್ತಬೇಕು. ಹನ್ನೊಂದೂವರೆಗೆ ಪುಟ್ಟಸ್ವಾಮಿ ಡಬ್ಬದಲ್ಲಿತ್ತು. ‘ಓಂ ನಮಃ ಶಿವಾಯ’ ಅಂದರು ಯಜಮಾನರು. ಅದು ಜಪಕ್ಕೋ ಮೀನಿಗೋ ಕೇಳಲಿಲ್ಲ.

ಆಸ್ಪತ್ರೆ ಅಂದರೆ ಏನು? ದೇವರಾಜ ಮಾರುಕಟ್ಟೆಯ ಹತ್ತಿರ ಕೊಂಡ 25 ಲೀಟರಿನ ಪ್ಲಾಸ್ಟಿಕ್ ಡಬ್ಬ. ಹೊಸದು, ಸೋಪು ಮುಟ್ಟಿಸದ್ದು. ಉಪ್ಪಿನಕಾಯಿಗೆ ಅಂತ ತಂದಿದ್ದೆ. ಅದರೊಳಗೆ ಪ್ಲಂಬರ್ ಬಿಟ್ಟುಹೋಗಿದ್ದ ಒಂದು ಪಿವಿಸಿ ಎಲ್ಬೋ, ಅವಿತುಕೊಳ್ಳಲು. ಮರಳಿಲ್ಲ, ಕಲ್ಲಿಲ್ಲ. ಒಂದು ಗಾಳಿ ಪಂಪು. ಮತ್ತೆ ಮುಖ್ಯವಾಗಿ, ಕೆಳಗಿನ ಸಂಪಿನಲ್ಲಿದ್ದ ಹಳೆಯ ಸ್ಪಂಜು. ಮೀನಿನ ಉಚ್ಚೆ, ಉಸಿರಿನಿಂದ ಬರುವ ಅಮೋನಿಯವನ್ನು ತಿನ್ನುವ ಬ್ಯಾಕ್ಟೀರಿಯ ಆ ಸ್ಪಂಜಿನಲ್ಲಿ ಮನೆ ಮಾಡಿರುತ್ತವೆ. ಹೊಸ ಟ್ಯಾಂಕಿನಲ್ಲಿ ಅವು ನೆಲೆಯಾಗಲು ನಾಲ್ಕರಿಂದ ಆರು ವಾರ ಬೇಕು. ಏಟು ತಿಂದ ಮೀನಿಗೆ ಅಷ್ಟು ದಿನ ಎಲ್ಲಿದೆ? ಅದಕ್ಕೇ ಮಗ ಯಾವಾಗಲೂ ಒಂದು ಸ್ಪಂಜು ಜಾಸ್ತಿ ಇಟ್ಟಿರುತ್ತಿದ್ದ. ಇದು ಪುರವಣಿಯಲ್ಲಿ ಬರಬೇಕಿದ್ದ ಮಾತು.

ಇನ್ನು ಉಪ್ಪಿನ ವಿಷಯ. ಇಲ್ಲಿ ನನ್ನ ಹಳೆಯ ಕೆಲಸ ಕೈಹಿಡಿಯಿತು. ಲ್ಯಾಬಿನಲ್ಲಿ ಮೂತ್ರದ ಸಾಂದ್ರತೆ ನೋಡುತ್ತಿದ್ದೆವು. 1.005ರಿಂದ 1.030ರ ಒಳಗೆ ಬರಬೇಕು. ಕಡಲ ನೀರಿನದು 1.025. ನೋಡುವ ಸಾಧನವೂ ಹೆಚ್ಚುಕಡಿಮೆ ಅದೇ, ರಿಫ್ರ್ಯಾಕ್ಟೋಮೀಟರ್. ಒಂದು ಹನಿ ಹಾಕಿ ಬೆಳಕಿಗೆ ಹಿಡಿಯುವುದು. ಮೊದಲ ಸಲ ಮಗ ಅದನ್ನು ಕಲಿಸಲು ಬಂದಾಗ ನಾನು ನಕ್ಕಿದ್ದೆ.

ಕಡಲ ಮೀನು ಸದಾ ನೀರು ಕುಡಿಯುತ್ತದೆ. ಕೇಳಿದರೆ ನಂಬುವುದಿಲ್ಲ ಅಲ್ವಾ? ಅದರ ಮೈಯೊಳಗಿನ ದ್ರವಕ್ಕಿಂತ ಹೊರಗಿನ ನೀರು ಜಾಸ್ತಿ ಉಪ್ಪು. ಹಾಗಾಗಿ ಮೈಯಿಂದ ನೀರು ಸದಾ ಹೊರಗೆ ಸೋರುತ್ತಿರುತ್ತದೆ. ಅದನ್ನು ತುಂಬಲು ಕಡಲ ನೀರನ್ನೇ ಕುಡಿದು, ಜಾಸ್ತಿಯಾದ ಉಪ್ಪನ್ನು ಕಿವಿರಿನಿಂದ ಹೊರಹಾಕುತ್ತದೆ. ನೀರಿನ ನಡುವೆ ಇದ್ದೂ ಬಾಯಾರಿದ ಪ್ರಾಣಿ ಅದು. ಚರ್ಮ ಹರಿದರೆ ಸೋರುವುದು ಇನ್ನೂ ಜಾಸ್ತಿ. ಸುಟ್ಟಗಾಯದ ವಾರ್ಡಿನಿಂದ ನಮ್ಮ ಲ್ಯಾಬಿಗೆ ಗಂಟೆಗೊಂದು ರಕ್ತದ ಸ್ಯಾಂಪಲ್ ಬರುತ್ತಿತ್ತು. ಸುಟ್ಟವರಿಗೆ ಚರ್ಮ ಹೋದ ಕಡೆಯಿಂದ ನೀರು ಹೋಗುತ್ತದೆ, ಡ್ರಿಪ್ ಮೇಲೆ ಡ್ರಿಪ್ ಕೊಡಬೇಕು. ಮೀನಿಗೆ ಡ್ರಿಪ್ ಹಾಕಲು ಆಗುವುದಿಲ್ಲ. ಬದಲಿಗೆ ಹೊರಗಿನ ಉಪ್ಪನ್ನು ಸ್ವಲ್ಪ ಇಳಿಸಬಹುದು. ಎರಡು ದಿನದಲ್ಲಿ, ಸ್ವಲ್ಪ ಸ್ವಲ್ಪವೇ ಆರ್‌ಒ ನೀರು ಸೇರಿಸಿ 1.025ರಿಂದ 1.019ಕ್ಕೆ ತಂದೆ. ಮೀನಿನ ದೇಹಕ್ಕೆ ಅಷ್ಟು ಕೆಲಸ ಕಡಿಮೆ. ಇಳಿಸುವುದನ್ನು ಮೀನು ಹೇಗೋ ತಾಳಿಕೊಳ್ಳುತ್ತದೆ. ಏರಿಸುವಾಗ ಮಾತ್ರ ಆತುರ ಕೂಡದು. ಸೀಗಡಿ ಇರುವ ಟ್ಯಾಂಕಿನಲ್ಲಂತೂ ಈ ಆಟ ಆಡಲೇಬಾರದು.

ಕಲ್ಲುಪ್ಪು ಹಾಕಿದರೆ ಆಗದಾ ಅಂತ ಯಜಮಾನರು ಕೇಳಿದರು. ಬೇರೆಯವರೂ ಕೇಳುತ್ತಾರೆ. ಆಗದು. ಕಡಲ ನೀರಿನಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಎಲ್ಲ ಒಂದು ಲೆಕ್ಕದಲ್ಲಿವೆ. ಅಡುಗೆಮನೆಯ ಡಬ್ಬದಲ್ಲಿ ಆ ಲೆಕ್ಕ ಇಲ್ಲ.

ಔಷಧದ ಬಗ್ಗೆಯೂ ಹೇಳಬೇಕು. ನಾಲ್ಕು ಜನ ನಾಲ್ಕು ಸಲಹೆ ಕೊಟ್ಟರು. ಮನೆಯಲ್ಲಿರುವ ಆ್ಯಂಟಿಬಯೋಟಿಕ್ ಕ್ಯಾಪ್ಸೂಲ್ ಒಡೆದು ನೀರಿಗೆ ಹಾಕಿ ಅನ್ನುವುದು ಅದರಲ್ಲಿ ಒಂದು. ನಾನು ಮಾಡಲಿಲ್ಲ. ಬ್ಯಾಕ್ಟೀರಿಯ ಬೆಳೆಸುವ ಕಲ್ಚರ್ ಪ್ಲೇಟಿನ ಮೇಲೆ ಔಷಧದ ಡಿಸ್ಕ್ ಇಟ್ಟರೆ, ಔಷಧ ಕೆಲಸ ಮಾಡಿದರೆ ಸುತ್ತ ಖಾಲಿ ವೃತ್ತ ಕಾಣುತ್ತದೆ. ನಾನು ಕೆಲಸಕ್ಕೆ ಸೇರಿದಾಗ ಆ ವೃತ್ತಗಳು ದೊಡ್ಡದಾಗಿರುತ್ತಿದ್ದವು. ನಿವೃತ್ತಿಯ ಹೊತ್ತಿಗೆ ಎಷ್ಟೋ ಪ್ಲೇಟಿನಲ್ಲಿ ಡಿಸ್ಕಿನ ಅಂಚಿನವರೆಗೂ ಬ್ಯಾಕ್ಟೀರಿಯ ಬೆಳೆದಿರುತ್ತಿದ್ದವು. ಇದನ್ನು ಕಣ್ಣಾರೆ ಕಂಡವಳು ಬಚ್ಚಲ ಮೋರಿಗೆ ಹೋಗುವ ನೀರಿಗೆ ಆ್ಯಂಟಿಬಯೋಟಿಕ್ ಸುರಿಯಲು ಆಗುವುದಿಲ್ಲ. ಗಾಯ ಕೊಳೆತರೆ, ಕೆಂಪು ಗೆರೆ ಎದ್ದರೆ ಆಗ ತಿಳಿದವರನ್ನು ಕೇಳೋಣ, ಅಲ್ಲಿಯವರೆಗೆ ಶುದ್ಧ ನೀರೇ ಔಷಧ ಅಂತ ನಾನೂ ಮಗನೂ ತೀರ್ಮಾನಿಸಿದೆವು.

ದಿನಾ ಬೆಳಿಗ್ಗೆ ಐದು ಲೀಟರ್ ತೆಗೆದು ಐದು ಲೀಟರ್ ಹಾಕುವುದು. ಹೊಸ ನೀರನ್ನು ಹಿಂದಿನ ದಿನವೇ ಉಪ್ಪು ಬೆರೆಸಿ, ಗಾಳಿ ಬಿಟ್ಟು, ಬಕೆಟ್‌ನಲ್ಲಿ ಇಟ್ಟಿರಬೇಕು. ಅಮೋನಿಯ ಕಿಟ್‌ನಲ್ಲಿ ಪರೀಕ್ಷೆ. ಹಳದಿ ಬಂದರೆ ಸರಿ, ಹಸಿರು ಬಂದರೆ ಗಂಡಾಂತರ. ಕಡಲ ನೀರು ಕ್ಷಾರದ ಕಡೆಗಿರುವುದರಿಂದ ಅಲ್ಲಿ ಅಮೋನಿಯದ ವಿಷ ಇನ್ನೂ ಜೋರು. ಹಳೆಯ ಡೈರಿಯಲ್ಲಿ ಗೀಟು ಎಳೆದು ತಾರೀಖು, ಸಾಂದ್ರತೆ, ಉಷ್ಣಾಂಶ, ತಿಂದಿತೋ ಇಲ್ಲವೋ ಅಂತ ಬರೆದೆ. ನಿವೃತ್ತಿಯಾದ ಮೇಲೆ ಅಷ್ಟು ಖುಷಿಯಿಂದ ಏನನ್ನೂ ಬರೆದಿರಲಿಲ್ಲ.

ತಿಂದಿತೋ ಇಲ್ಲವೋ ಅನ್ನುವ ಕಾಲಂನಲ್ಲಿ ನಾಲ್ಕು ದಿನ ‘ಇಲ್ಲ’. ಮಾಮೂಲಿ ಒಣ ಗುಳಿಗೆ ಮೂಸಲೂ ಇಲ್ಲ. ಹಸಿ ಸೀಗಡಿ ಕೊಟ್ಟು ನೋಡು ಅಂದ ಮಗ. ಹೀಗೆ 61ನೇ ವಯಸ್ಸಿನಲ್ಲಿ ನಾನು ಮೊದಲ ಸಲ ಮೀನಂಗಡಿ ಮೆಟ್ಟಿಲು ಹತ್ತಿದೆ. ಸೆರಗು ಮೂಗಿಗೆ ಹಿಡಿದು ಐವತ್ತು ಗ್ರಾಂ ಸೀಗಡಿ ಕೇಳಿದೆ.

‘ಐವತ್ತು ಗ್ರಾಮಾ? ಎಷ್ಟು ಜನಕ್ಕಮ್ಮ?’ ಅಂದ ಆತ.

‘ಒಬ್ಬನಿಗೆ. ಮೀನಿಗೆ.’

‘ಮೀನಿಗೆ ಮೀನು ತಿನ್ನಿಸ್ತೀರಾ! ನಾವು ಮನುಷ್ಯರಿಗೆ ಮಾರೋದು ತಾಯಿ’ ಅಂತ ನಕ್ಕು, ಸಿಪ್ಪೆ ತೆಗೆದು, ದುಡ್ಡು ತಗೊಳ್ಳದೆ ಕೊಟ್ಟ.

ಅದನ್ನು ಸಾಸಿವೆ ಕಾಳಿನಷ್ಟು ಚಿಕ್ಕದಾಗಿ ಹೆಚ್ಚಿ, ಚೆನ್ನಾಗಿ ತೊಳೆದು, ಬೆಳ್ಳುಳ್ಳಿ ರಸದಲ್ಲಿ ಐದು ನಿಮಿಷ ನೆನೆಸಿ ಇಟ್ಟೆ. ಬೆಳ್ಳುಳ್ಳಿಯಿಂದ ಮೀನಿನ ರೋಗ ವಾಸಿಯಾಗುತ್ತದೆ ಅಂತ ಕೆಲವರು ಹೇಳುತ್ತಾರೆ. ನಾನು ಅದನ್ನು ಹೇಳುತ್ತಿಲ್ಲ. ವಾಸನೆಗೆ ಬಾಯಿ ಬಿಡಲಿ ಅಂತ ಅಷ್ಟೇ. ಉಳಿದದ್ದನ್ನು ಫ್ರೀಜರಿನಲ್ಲಿ ಇಟ್ಟು, ಡಬ್ಬದ ಮೇಲೆ ‘ಸ್ಯಾಂಪಲ್, ಮುಟ್ಟಬೇಡಿ’ ಅಂತ ಬರೆದೆ. ಯಜಮಾನರು ಒಂದು ವಾರ ಫ್ರಿಜ್ ಬಾಗಿಲನ್ನೇ ಮುಟ್ಟಲಿಲ್ಲ.

ಐದನೇ ದಿನ ನಾನೊಂದು ತಪ್ಪು ಮಾಡಿದೆ. ತಿನ್ನಲಿ ಅಂತ ಆಸೆಪಟ್ಟು ಜಾಸ್ತಿ ಚೂರು ಹಾಕಿ, ಸಂಬಂಧಿಕರ ಮನೆಯ ನಾಮಕರಣಕ್ಕೆ ಹೋದೆ. ಸಂಜೆ ಬಂದರೆ ನೀರು ವಾಸನೆ. ಕಿಟ್ ಹಸಿರು. ಸೀರೆ ಬದಲಾಯಿಸದೆ ಅರ್ಧ ನೀರು ಎತ್ತಿ ಹೊಸದು ಸುರಿದೆ. ಮೀನಿಗೆ ಊಟ ಹಾಕಿದ ಹತ್ತು ನಿಮಿಷಕ್ಕೆ ಉಳಿದದ್ದನ್ನು ತೆಗೆಯಲೇಬೇಕು. ಇದನ್ನು ಬೇರೆಯವರಿಗೆ ನಾನೇ ಹೇಳಿಕೊಟ್ಟಿದ್ದೆ!

ಆರನೇ ದಿನ ಬೆಳಿಗ್ಗೆ ಏಳೂಕಾಲಿಗೆ ಪಿವಿಸಿ ಎಲ್ಬೋದಿಂದ ಮೂತಿ ಹೊರಗೆ ಬಂತು. ತೇಲುತ್ತಿದ್ದ ಒಂದು ಚೂರನ್ನು ಬಾಯಿಗೆ ಎಳೆದುಕೊಂಡಿತು, ಉಗುಳಿತು, ಮತ್ತೆ ಎಳೆದುಕೊಂಡಿತು. ಉಗುಳಲಿಲ್ಲ. ಡೈರಿಯಲ್ಲಿ ‘ತಿಂದಿತು’ ಅಂತ ದೊಡ್ಡದಾಗಿ ಬರೆದು ಎರಡು ಗೀಟು ಎಳೆದೆ. ಪುಣೆಗೆ ಫೋನ್ ಮಾಡಿದೆ. ಅವನಿನ್ನೂ ಎದ್ದಿರಲಿಲ್ಲ.

ಬಿಸಿಲು ಏರುತ್ತಿತ್ತು. ಮಧ್ಯಾಹ್ನ ಡಬ್ಬದ ನೀರು 30 ಡಿಗ್ರಿ ಮುಟ್ಟುತ್ತಿತ್ತು. 26 ಇದ್ದರೆ ಒಳ್ಳೆಯದು. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಉಪ್ಪುನೀರಿನಲ್ಲಿ ಸಿಹಿನೀರಿಗಿಂತಲೂ ಕಡಿಮೆ. ಟೇಬಲ್ ಫ್ಯಾನ್ ಅನ್ನು ನೀರಿನ ಮೇಲ್ಮೈಗೆ ತಿರುಗಿಸಿ ಇಟ್ಟೆ. ಎರಡು ಮೂರು ಡಿಗ್ರಿ ಇಳಿಯಿತು. ಆದರೆ ನೀರು ಆವಿಯಾಗುತ್ತದೆ, ಉಪ್ಪು ಆವಿಯಾಗುವುದಿಲ್ಲ. ಸಂಜೆಗೆ ಉಪ್ಪಿಲ್ಲದ ನೀರನ್ನೇ ಅಷ್ಟು ತುಂಬಬೇಕು. ಆವಿಯಾದ ನೀರಿನ ಜಾಗಕ್ಕೆ ಉಪ್ಪುನೀರು ಹಾಕಿ ಮೀನು ಕಳೆದುಕೊಂಡವರು ಎಷ್ಟೋ ಜನ.

ಎರಡನೇ ವಾರದ ಒಂದು ಸಂಜೆ ಗುಡುಗು ಮಳೆ ಬಂದು ಕರೆಂಟ್ ಹೋಯಿತು. ನಮ್ಮ ಯುಪಿಎಸ್ ಸರ್ವಿಸಿಗೆ ಹೋಗಿತ್ತು. ಬ್ಯಾಟರಿ ಗಾಳಿ ಪಂಪು ಇರುವುದು ಒಂದೇ, ಅದನ್ನು ದೊಡ್ಡ ಟ್ಯಾಂಕಿಗೆ ಹಾಕಿದೆ. ಡಬ್ಬಕ್ಕೆ ಏನು ಮಾಡುವುದು? ಯಜಮಾನರು ಮಾತಾಡದೆ ಸ್ಟೀಲ್ ಲೋಟ ತಂದರು. ಕುರ್ಚಿ ಎಳೆದು ಕೂತರು. ನೀರು ತುಂಬಿಕೊಂಡು ಒಂದು ಗೇಣು ಮೇಲಿನಿಂದ ನಿಧಾನವಾಗಿ ಸುರಿಯುವುದು, ಮತ್ತೆ ತುಂಬಿಕೊಳ್ಳುವುದು. ಅಭಿಷೇಕ ಮಾಡಿದ ಹಾಗೆ. ಕರೆಂಟ್ ಬರುವವರೆಗೆ ಎರಡೂವರೆ ಗಂಟೆ. ಮಧ್ಯೆ ನಾನು ಬಿಡಿಸಲು ಹೋದರೆ ‘ನಿಂಗೆ ಲಯ ಗೊತ್ತಿಲ್ಲ, ಬಿಡು’ ಅಂದರು. ಮಾರನೇ ದಿನ ಅವರೇ ಫ್ರಿಜ್ ತೆಗೆದು ಸ್ಯಾಂಪಲ್ ಡಬ್ಬ ಕೊಟ್ಟರು.

ಹತ್ತನೇ ದಿನಕ್ಕೆ ಕಣ್ಣಿನ ಮಂಜು ತೆಳುವಾಯಿತು. ಬಾಲದ ಬುಡ ಉಳಿದಿದ್ದರೆ ರೆಕ್ಕೆ ಮತ್ತೆ ಬೆಳೆಯುತ್ತದೆ ಅಂತ ಮಗ ಹೇಳಿದ್ದ. ನನಗೆ ನಂಬಿಕೆ ಇರಲಿಲ್ಲ. ಹದಿನಾಲ್ಕನೇ ದಿನ ಭೂತಗನ್ನಡಿ ಹಿಡಿದರೆ ಬುಡದ ಗೀಟಿನಾಚೆಗೆ ಗಾಜಿನಂಥ ಒಂದು ಪೊರೆ. ಬಣ್ಣವೇ ಇಲ್ಲ. ಮೊದಲು ಪೊರೆ ಬರುತ್ತದೆ, ಆಮೇಲೆ ಅದರೊಳಗೆ ಕಡ್ಡಿ ಮೂಡುತ್ತದೆ, ಕೊನೆಗೆ ಕಿತ್ತಳೆ ತುಂಬುತ್ತದೆ. ನಾಲ್ಕು ವಾರಕ್ಕೆ ಬಾಲ ಬಾಲದ ಹಾಗೆ ಕಂಡಿತು. ಅಷ್ಟರಲ್ಲಿ ದಿನಕ್ಕೆ 0.001, ಹೆಚ್ಚಂದರೆ 0.002ರಂತೆ ಸಾಂದ್ರತೆಯನ್ನು ಮತ್ತೆ 1.025ಕ್ಕೆ ತಂದಿದ್ದೆ.

ಆ ಕಡೆ ಕೀಚಕ ಸುಮ್ಮನಿರಲಿಲ್ಲ. ಪುಟ್ಟಸ್ವಾಮಿ ಇಲ್ಲದಾಗ ಅಮ್ಮಾವ್ರನ್ನೇ ಅಟ್ಟಿಸತೊಡಗಿತು. ಅದನ್ನು ಹಿಡಿದು ತೂತಿನ ಡಬ್ಬದಲ್ಲಿ ಟ್ಯಾಂಕಿನೊಳಗೇ ವಾರ ಕಾಲ ಕೂಡಿಹಾಕಿ, ಕಲ್ಲುಗಳ ಜಾಗ ಬದಲಾಯಿಸಿದೆ. ಹೊರಗೆ ಬಿಟ್ಟಾಗ ತನ್ನ ಜಾಗ ಯಾವುದು ಅಂತ ಗೊತ್ತಾಗಬಾರದು, ಹಳೆಯ ಹಕ್ಕು ಮರೆಯಬೇಕು, ಇದು ಲೆಕ್ಕ. ಮೂರು ದಿನ ಮರೆತಿತ್ತು. ನಾಲ್ಕನೇ ದಿನ ಹೊಸ ಪೊಟರೆ ಹುಡುಕಿಕೊಂಡಿತು. ಕೊನೆಗೆ ಅಂಗಡಿಗೆ ವಾಪಸ್ ಕೊಟ್ಟೆ. ದುಡ್ಡು ಕೊಡಲಿಲ್ಲ, ನಾನು ಕೇಳಲೂ ಇಲ್ಲ. ದೊಡ್ಡ ಟ್ಯಾಂಕಿನವರಿಗೆ ಮಾತ್ರ ಕೊಡು ಅಂತ ಹುಡುಗನ ಹತ್ತಿರ ಮಾತು ತೆಗೆದುಕೊಂಡು ಬಂದೆ. ಚೀಲದಲ್ಲಿ ಕೂತು ನನ್ನನ್ನೇ ನೋಡುತ್ತಿದ್ದಾಗ ಪಾಪ ಅನ್ನಿಸಿತು. ಕಡಲಿನಲ್ಲಿ ಇದರ ಮರಿಗಳು ಅನಿಮೋನಿ ಅನ್ನುವ, ಹೂವಿನ ಹಾಗೆ ಕಾಣುವ ಕಡಲ ಪ್ರಾಣಿಯ ಎಳೆಗಳ ನಡುವೆ ಬೆಳೆಯುತ್ತವೆ. ಕ್ಲೌನ್ ಮೀನು ಇರುವುದೂ ಅಲ್ಲೇ. ಅಲ್ಲೂ ಕಿತ್ತಾಟ ಇದ್ದೇ ಇದೆ. ಏಟು ತಿಂದದ್ದು ಈಜಿ ದೂರ ಹೋಗುತ್ತದೆ, ಅಲ್ಲಿಗೆ ಮುಗಿಯಿತು. ಮೂರಡಿಯ ಗಾಜಿನ ಪೆಟ್ಟಿಗೆಯಲ್ಲಿ ದೂರ ಅನ್ನುವುದು ಎಲ್ಲಿದೆ? ಪೆಟ್ಟಿಗೆ ತಂದವರು ನಾವು. ಕೀಚಕ ಅಂತ ಹೆಸರು ಮಾತ್ರ ಮೀನಿಗೆ.

ಪುಟ್ಟಸ್ವಾಮಿಯನ್ನೂ ಒಂದೇ ಸಲಕ್ಕೆ ಬಿಡಲಿಲ್ಲ. ಅದೇ ತೂತಿನ ಡಬ್ಬದಲ್ಲಿ ಒಂದು ವಾರ ಇಟ್ಟೆ. ಅಮ್ಮಾವ್ರು ಬಂದು ನೋಡಿ ಹೋಗುತ್ತಿದ್ದವು. ಯುಗಾದಿಯ ನಂತರದ ಭಾನುವಾರ ಹೊರಗೆ ಬಿಟ್ಟೆ. ಅಮ್ಮಾವ್ರು ನೇರ ಎದುರಿಗೆ ಬಂದು ನಿಂತವು. ಪುಟ್ಟಸ್ವಾಮಿ ಪಕ್ಕಕ್ಕೆ ವಾಲಿ ಮೈಯೆಲ್ಲ ಗಡಗಡ ನಡುಗಿಸಿತು. ಫಿಟ್ಸ್ ಬಂತು ಅಂತ ನಾನು ಕಿರುಚಿದೆ. ಮಗ ಫೋನಿನಲ್ಲಿ ಬಿದ್ದು ಬಿದ್ದು ನಕ್ಕ. ಅದು ಫಿಟ್ಸ್ ಅಲ್ಲವಂತೆ. ‘ನೀನೇ ದೊಡ್ಡೋಳು, ಒಪ್ಪಿದೆ’ ಅಂತ ಚಿಕ್ಕ ಕ್ಲೌನ್ ಹೇಳುವ ರೀತಿ ಅದು. ಯಜಮಾನರು ಪೇಪರಿನಿಂದ ತಲೆ ಎತ್ತಿ ‘ಅನುಭವಸ್ಥ’ ಅಂದರು.

ಈಗ ನನ್ನ ಕೋರಿಕೆಗೆ ಬರುತ್ತೇನೆ. 2017ರಲ್ಲಿ ಕೇಂದ್ರ ಸರ್ಕಾರ ಅಕ್ವೇರಿಯಂ ಅಂಗಡಿಗಳಿಗೆ ನಿಯಮ ತಂದಿತ್ತು. 158 ಜಾತಿಯ ಮೀನು ಇಡಕೂಡದು ಅಂತ ಪಟ್ಟಿಯನ್ನೇ ಕೊಟ್ಟಿತ್ತು. ಕ್ಲೌನ್ ಮೀನೂ ಅದರಲ್ಲಿತ್ತು. ಮೀನು ಸಾಕಿ ಬದುಕುವವರು ಗಲಾಟೆ ಮಾಡಿದರು, ಸರ್ಕಾರ ನಿಯಮವನ್ನು ವಾಪಸ್ ಪಡೆಯಿತು. ಹ್ಯಾಚರಿಯಲ್ಲಿ ಹುಟ್ಟಿದ ಮೀನನ್ನೂ ಕಡಲಿನಿಂದ ಹಿಡಿದದ್ದನ್ನೂ ಒಂದೇ ತಕ್ಕಡಿಗೆ ಹಾಕಿದ್ದು ಸರಿಯಲ್ಲ ಅಂತ ನನಗೂ ಅನ್ನಿಸುತ್ತದೆ. ಹಾಗಂತ ಏನೂ ಬೇಡವೇ? ನಾನು ಕೇಳುವುದು ಬಲು ಚಿಕ್ಕದು. ಪ್ರತಿ ಗಾಜಿನ ಡಬ್ಬದ ಮೇಲೆ ಕನ್ನಡದಲ್ಲಿ ಒಂದು ಚೀಟಿ. ಬೆಳೆದರೆ ಎಷ್ಟು ಇಂಚು, ಎಷ್ಟು ಲೀಟರ್ ಬೇಕು, ಯಾರ ಜೊತೆ ಆಗುವುದಿಲ್ಲ, ಹ್ಯಾಚರಿಯದ್ದೋ ಕಡಲಿನದ್ದೋ. ಚಪ್ಪಲಿ ಡಬ್ಬದ ಮೇಲೆ ಸೈಜ್ ಬರೆಯುತ್ತಾರೆ. ಜೀವ ಇರುವುದರ ಮೇಲೆ ಬರೆಯಲು ಏನು ಕಷ್ಟ?

ಎರಡನೆಯದು. ಮಂಗಳೂರಿನಲ್ಲಿ ಮೀನುಗಾರಿಕಾ ಕಾಲೇಜು ಇದೆ. 1969ರಲ್ಲಿ ಶುರುವಾದದ್ದು, ದೇಶದಲ್ಲೇ ಮೊದಲನೆಯದು. ಅಲ್ಲಿಯವರಿಂದ ನಿಮ್ಮ ಪತ್ರಿಕೆ ತಿಂಗಳಿಗೊಂದು ಪ್ರಶ್ನೋತ್ತರ ಬರೆಸಬಹುದು. ನನ್ನಂಥವರು ಅಂಗಡಿಯ ಫೋನ್ ನಂಬಿಕೊಂಡು ತಾಮ್ರ ಸುರಿಯುವುದು ತಪ್ಪುತ್ತದೆ.

ಮೂರನೆಯದು ನಿಮಗೇ. ಪುರವಣಿಯಲ್ಲಿ ನಿಜವಾದ ಹವಳದ ತುಂಡು ಇಡಿ ಅಂತ ಬರೆದದ್ದಕ್ಕೆ ದಯವಿಟ್ಟು ತಿದ್ದುಪಡಿ ಹಾಕಿ. ದಿಬ್ಬ ಕಟ್ಟುವ ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಕಡಲ ಕುದುರೆಯೂ ಅಷ್ಟೇ. ಅಂದಕ್ಕೆ ಅಂತ ತಂದಿಟ್ಟವರ ಮನೆಗೆ ಅರಣ್ಯ ಇಲಾಖೆಯವರು ಬಂದರೆ ಪುರವಣಿಯ ಪುಟ ತೋರಿಸಿ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಪುಟ್ಟಸ್ವಾಮಿಯ ಬಾಲದ ಮೇಲ್ತುದಿಯಲ್ಲಿ ಒಂದು ಸಣ್ಣ ಕಚ್ಚು ಉಳಿದಿದೆ, ಅದು ತುಂಬಲಿಲ್ಲ. ಆಸ್ಪತ್ರೆಯ ಡಬ್ಬ ತೊಳೆದು, ಬಿಸಿಲಿಗೆ ಒಣಗಿಸಿ, ಅಟ್ಟದ ಮೇಲೆ ಇಟ್ಟಿದ್ದೇನೆ. ಕುವೆಂಪುನಗರದ ಸುತ್ತಮುತ್ತ ಯಾರ ಮೀನಿಗಾದರೂ ಏಟಾದರೆ ಎರವಲು ಕೊಡುತ್ತೇನೆ, ಹಳೆಯ ಸ್ಪಂಜಿನ ಸಮೇತ. ಉಪ್ಪಿನಕಾಯಿಗೆ ಮಾತ್ರ ಕೇಳಬೇಡಿ.

ಇಂತಿ,
ನಿವೃತ್ತ ಲ್ಯಾಬ್ ಟೆಕ್ನಿಷಿಯನ್,
ಕುವೆಂಪುನಗರ, ಮೈಸೂರು